ರಾಹುಕಾಲ ಕಳೆದ ಮೇಲೆ ಬೆಂಕಿ

ಇದನ್ನು ಮನೆಯಿಂದಲೇ ಹಾಕಿಕೊಂಡು ಹೋಗುವುದೋ, ಆಫೀಸಿಗೆ ಹೋಗಿ ಹಾಕಿಕೊಳ್ಳುವುದೋ? ಆಫೀಸಿನಲ್ಲಿ ಹಾಕಿಕೊಂಡರೆ ಆಫೀಸಿನವರಷ್ಟೇ ನೋಡುತ್ತಾರೆ, ಅವರಿಗೆ ಹೇಗೂ ವಿಷಯ ಗೊತ್ತು. ಮನೆಯಿಂದ ಹಾಕಿಕೊಂಡು ಹೊರಟರೆ ಬೀದಿಯವರು ನಗಬಹುದು. ಆದರೆ ಅಪಾಯ ಎನ್ನುವುದು ಆಫೀಸಿಗೇ ಬರಬೇಕೆಂದು ಎಲ್ಲಿ ಬರೆದಿದೆ? ದಾರಿಯಲ್ಲೇ ಬಂದುಬಿಟ್ಟರೆ?

ಗಿರಿನಗರದ ಮನೆಯ ಕನ್ನಡಿಯ ಮುಂದೆ ಅನಂತರಾಮು ಬಹಳ ಹೊತ್ತು ಹೀಗೆ ನಿಂತಿದ್ದರು. ಕೈಯಲ್ಲಿದ್ದುದು ಒಂದು ಜಾಕೆಟ್. ಗಿಳಿಹಸಿರು ಬಣ್ಣ, ಅದರ ಮೇಲೆ ಬೆಳಕು ಬಿದ್ದರೆ ಫಳಕ್ಕನೆ ಹೊಳೆಯುವ ಪಟ್ಟಿಗಳು, ಬೆನ್ನಿನ ಮೇಲೆ ದಪ್ಪಕ್ಷರದಲ್ಲಿ ‘ಫೈರ್ ವಾರ್ಡನ್’. ಜೊತೆಗೆ ದಾರಕ್ಕೆ ಕಟ್ಟಿದ ಒಂದು ಸೀಟಿ. ಶ್ರೀ ಸುಮುಹೂರ್ತ ಕ್ಯಾಲೆಂಡರ್ಸ್ ಸಂಸ್ಥೆಯ ರವಾನೆ ವಿಭಾಗದಲ್ಲಿ ಅರ್ಧ ಆಯುಷ್ಯ ಕಳೆದ ಅನಂತರಾಮು ಅವರಿಗೆ ಬೆನ್ನಿನ ಮೇಲೆ ಬರೆದುಕೊಳ್ಳುವಂಥ ಹುದ್ದೆ ಸಿಕ್ಕಿದ್ದು ಇದೇ ಮೊದಲು.

“ಏನ್ರೀ, ಅದನ್ನ ಹಾಕ್ಕೊಂಡೇ ಹೋಗ್ತೀರಾ?” ಹೆಂಡತಿ ಸರಸ್ವತಿ ಸೌಟು ಹಿಡಿದುಕೊಂಡೇ ಬಂದು ಕೇಳಿದರು.

“ಹಾಕ್ಕೊಂಡೇ ಬರ್ಬೇಕು ಅಂತ ರೂಲ್ ಇದೆ.”

ಅಂಥ ರೂಲ್ ಯಾವುದೂ ಇರಲಿಲ್ಲ.

ಗೇಟು ದಾಟುತ್ತಿದ್ದಂತೆ ಎದುರು ಮನೆಯ ಆಂಟಿ ಹಸಿಕಸದ ಬಕೆಟ್ ಎತ್ತಿಕೊಂಡು ಓಡಿಬಂದರು. ಹತ್ತಿರ ಬಂದಾಗ ಅವರ ಮುಖ ಇಳಿಯಿತು.

“ಅಯ್ಯೋ ನೀವಾ! ಕಸದ ಗಾಡಿಯವರು ಅಂದ್ಕೊಂಡು ಒಗ್ಗರಣೆ ಬಿಟ್ಟು ಬಂದೆ.”

“ನಾನು ಫೈರ್ ವಾರ್ಡನ್ ಮೇಡಂ.”

“ಹೌದಾ, ಒಳ್ಳೇದು. ಹಾಗಾದ್ರೆ ಗಾಡಿ ಎಷ್ಟೊತ್ತಿಗೆ ಬರುತ್ತೆ?”

“ಈಗ ಬರುತ್ತೆ,” ಎಂದರು ಅನಂತರಾಮು. ಬಸ್ ಸ್ಟಾಪಿನಲ್ಲಿ ಒಬ್ಬರು ರಸ್ತೆ ಅಗೆದಿದ್ದನ್ನು ತೋರಿಸಿ, ಇದನ್ನು ಯಾವಾಗ ಮುಚ್ಚುತ್ತೀರಿ ಎಂದು ಜೋರು ಮಾಡಿದಾಗಲೂ, “ಮುಂದಿನ ತಿಂಗಳು ಮುಗಿಸ್ತೀವಿ ಸಾರ್,” ಎಂದು ಸಮಾಧಾನ ಹೇಳಿದರು. ಅಂಥ ಜಾಕೆಟ್ ತೊಟ್ಟ ಮನುಷ್ಯನ ಬಾಯಲ್ಲಿ ‘ಗೊತ್ತಿಲ್ಲ’ ಎನ್ನುವ ಮಾತು ಹೊರಡುವುದಿಲ್ಲ. ಇದು ಜಾಕೆಟ್ಟಿನ ಗುಣವೇ ಹೊರತು ಮನುಷ್ಯನ ದೋಷವಲ್ಲ ಎಂದು ನಾವು ಸದ್ಯಕ್ಕೆ ನಂಬೋಣ.

ಆಫೀಸು ಇದ್ದದ್ದು ಬನಶಂಕರಿ ಎರಡನೇ ಹಂತದಲ್ಲಿ, ಒಂದು ದರ್ಶಿನಿಯ ಮೇಲಿನ ಮಹಡಿಯಲ್ಲಿ. ಅಲ್ಲಿ ಪಂಚಾಂಗದ ಕ್ಯಾಲೆಂಡರ್ ತಯಾರಾಗುತ್ತಿತ್ತು. ತಿಥಿ, ನಕ್ಷತ್ರ, ರಾಹುಕಾಲ, ಗುಳಿಕಕಾಲ, ಜೊತೆಗೆ ದಿನಕ್ಕೊಂದು ಅಡುಗೆ ಸಲಹೆ. ಮಾಲೀಕ ಸೋಮನಾಥ್ ತಾವು ಅಚ್ಚು ಹಾಕಿದ್ದನ್ನು ತಾವೇ ನಂಬುವ ಅಪರೂಪದ ವ್ಯಾಪಾರಿ. ಅಲ್ಲಿ ಕಂಪ್ಯೂಟರ್ ಕೊಂಡದ್ದು ಪುಷ್ಯ ನಕ್ಷತ್ರದಲ್ಲಿ, ಅದು ಕೆಟ್ಟಾಗ ರಿಪೇರಿಯವನನ್ನು ಕರೆಸಿದ್ದು ಅಭಿಜಿನ್ ಮುಹೂರ್ತದಲ್ಲಿ. ಇಂಥ ಆಫೀಸಿಗೆ ವಿಮೆ ಕಂಪನಿಯವರು, ಇಷ್ಟೊಂದು ಕಾಗದ ತುಂಬಿದ ಜಾಗದಲ್ಲಿ ಸಿಬ್ಬಂದಿಗೆ ತುರ್ತು ಪರಿಸ್ಥಿತಿಯ ತರಬೇತಿ ಕೊಡಿಸದಿದ್ದರೆ ಪಾಲಿಸಿ ಮುಂದುವರಿಸುವುದಿಲ್ಲ ಎಂದಿದ್ದರು. ಹಾಗಾಗಿ ಇಂಚರ ಎಂಬ ತರಬೇತುದಾರಳು ಬಂದು, ಬೆಂಕಿ ಬಿದ್ದರೆ ಹೇಗೆ ಇಳಿಯಬೇಕು, ಎಲ್ಲಿ ಸೇರಬೇಕು, ಯಾವ್ಯಾವ ವಸ್ತುವಿಗೆ ‘ಅಪಾಯ’ ಎಂದು ಕೆಂಪು ಚೀಟಿ ಅಂಟಿಸಬೇಕು ಎಂಬುದನ್ನೆಲ್ಲ ಕಲಿಸಿದ್ದಳು. ಆ ಶುಕ್ರವಾರಕ್ಕೆ ಅಣಕು ಪ್ರದರ್ಶನ ನಿಗದಿಯಾಗಿತ್ತು.

ಅಂದು ಬೆಳಗ್ಗೆ ಬಂದವರೇ ಅನಂತರಾಮು ಮೊದಲು ಹೋದದ್ದು ಹಿಂದಿನ ಕೋಣೆಗೆ. ಗೋದಾಮು ದಾಟಿ, ಕಟ್ಟುಕಟ್ಟು ಕ್ಯಾಲೆಂಡರುಗಳ ನಡುವಿನ ಸಂದಿಯಲ್ಲಿ ನುಸುಳಿ ಹೋದರೆ ಕೊನೆಗೆ ಸಿಗುವ ಚಿಕ್ಕ ಕೋಣೆ ಅದು. ಅಲ್ಲಿ ರಾಜಶ್ರೀ ಒಬ್ಬಳೇ ಕೂತು ಕರಡು ತಿದ್ದುತ್ತಿದ್ದಳು. ಗದಗಿನ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ಆ ಮನೆಯನ್ನು ಹುಡುಕಿಕೊಟ್ಟದ್ದು ಅನಂತರಾಮು ಅವರೇ. ಸದ್ದಿಲ್ಲದ ಆ ಕೋಣೆಯೆಂದರೆ ಅವಳಿಗೆ ಪ್ರಾಣ. ಒಂದು ಏಕಾದಶಿ ಆಚೀಚೆಯಾದರೆ ಎಷ್ಟು ಮನೆಗಳ ಉಪವಾಸ ಕೆಡುತ್ತದೆಂದು ಅವಳಿಗೆ ಗೊತ್ತಿತ್ತು.

“ನೋಡಮ್ಮಾ ರಾಜಶ್ರೀ, ಸೈರನ್ ಆದಾಗ ನೀನು ಎದ್ದು ಓಡ್ಬೇಡ,” ಎಂದರು ಅನಂತರಾಮು, ಸೀಟಿಯನ್ನು ಸರಿಮಾಡಿಕೊಳ್ಳುತ್ತ. “ಈ ಸಂದೀಲಿ ಹೊಗೆ ತುಂಬಿದೆ ಅಂತ ಇಟ್ಕೋ. ಬಾಗಿಲು ಹಾಕ್ಕೊಂಡು, ಒದ್ದೆ ಬಟ್ಟೆ ಮೂಗಿಗೆ ಹಿಡ್ಕೊಂಡು, ಕೆಳಗೆ ಕೂತ್ಕೋ. ನಾನು ಬಂದು ಬಾಗಿಲು ತಟ್ತೀನಿ. ತಟ್ಟೋವರೆಗೂ ಅಲ್ಲಾಡಕೂಡ್ದು.”

“ಇಂಚರ ಮೇಡಮ್ಮಾರು ಎಲ್ಲಾರೂ ಇಳೀರಿ ಅಂದಿದ್ರಲ್ರೀ ಸರ?”

“ಅವರು ಜನರಲ್ ಆಗಿ ಹೇಳಿದ್ದು. ಇದು ಸ್ಪೆಷಲ್ ಕೇಸು. ವಾರ್ಡನ್ ಒಬ್ಬರನ್ನ ಕಾಪಾಡಿ ಕರ್ಕೊಂಡು ಬಂದ್ರೆ ಅದರ ಕಳೆನೇ ಬೇರೆ.”

ರಾಜಶ್ರೀ ನಕ್ಕಳು. “ಆತ್ರೀ. ಮರೀಬ್ಯಾಡ್ರಿ ಮತ್ತ.”

“ನಾನಾ? ಮರೆಯೋದಾ?” ಎಂದು ಅನಂತರಾಮು ಬೆನ್ನು ತಿರುಗಿಸಿ, ಅಲ್ಲಿ ಬರೆದದ್ದನ್ನು ತೋರಿಸಿದರು.

ಕಾರ್ಯಕ್ರಮ ಸಾಂಗವಾಗಿ ಶುರುವಾಯಿತು. ಸ್ವಾಗತ ಆಯಿತು. ರಾಜಶ್ರೀ ಎಂದಿನಂತೆ ಪ್ರಾರ್ಥನೆ ಹಾಡಿದಳು. ಆಮೇಲೆ ಸೋಮನಾಥ್ ಲಕ್ಷ್ಮಿಯ ಪಟದ ಮುಂದೆ ದೀಪ ಬೆಳಗಲು ಎದ್ದಾಗ ಇಂಚರ ಗಾಬರಿಯಾದಳು.

“ಸಾರ್, ಇದು ಫೈರ್ ಸೇಫ್ಟಿ ಪ್ರೋಗ್ರಾಂ. ಸುತ್ತ ಪೇಪರ್ ಇದೆ. ದೀಪ ಹಚ್ಚೋದು...”

“ದೀಪ ಹಚ್ಚದೆ ಇದ್ರೆ ಪ್ರೋಗ್ರಾಂ ಅಂತ ಯಾರಿಗಮ್ಮ ಗೊತ್ತಾಗುತ್ತೆ?” ಎಂದು ಸೋಮನಾಥ್ ಐದೂ ಬತ್ತಿಗಳನ್ನು ಹಚ್ಚಿದರು.

“ಸರಿ ಸಾರ್. ಇನ್ನರ್ಧ ಗಂಟೆಗೆ ಸೈರನ್ ಒತ್ತಿಸ್ಲಾ?”

“ಛೆ ಛೆ! ಇವತ್ತು ಶುಕ್ರವಾರ. ಹತ್ತೂವರೆಯಿಂದ ಹನ್ನೆರಡು ರಾಹುಕಾಲ. ಆಮೇಲೆ ಒತ್ತಿಸು.”

“ಸಾರ್, ನಿಜವಾದ ಬೆಂಕಿ ರಾಹುಕಾಲ ನೋಡ್ಕೊಂಡು ಬರುತ್ತಾ?”

“ಅದು ತಾನಾಗಿ ಬರೋದು, ನಮ್ಮ ಕೈಲಿಲ್ಲ. ಇದನ್ನ ನಾವೇ ಕರೆಸ್ಕೊಳ್ತಿರೋದಲ್ವಾ? ಕರೆಯೋದನ್ನ ಒಳ್ಳೆ ಹೊತ್ತಲ್ಲಿ ಕರೀಬೇಕಪ್ಪ.”

ವಿಪತ್ತು ನಿರ್ವಹಣೆಯ ಶಾಸ್ತ್ರದಲ್ಲಿ ಇದಕ್ಕೆ ನಿಯಮವಿಲ್ಲದ್ದರಿಂದ ಇಂಚರ ತನ್ನ ಪಟ್ಟಿಯಲ್ಲಿ ಸೈರನ್ನಿನ ಹೊತ್ತನ್ನು ತಿದ್ದಿಕೊಂಡಳು. ಎಲ್ಲರೂ ಕಾಫಿ ಕುಡಿದು, ಕೆಲಸಕ್ಕೆ ಕೂತು, ಅಪಾಯಕ್ಕಾಗಿ ಕಾದರು.

ರಾಹುಕಾಲ ಕಳೆದು ಸೈರನ್ ಕೂಗಿತು. ಜನ ಚಪ್ಪಲಿ ಹುಡುಕಿಕೊಂಡು, ಊಟದ ಡಬ್ಬಿ ಎತ್ತಿಕೊಂಡು, ಮೆಟ್ಟಿಲ ಕಡೆ ನುಗ್ಗಿದರು. ಅನಂತರಾಮು ಸೀಟಿ ಊದುತ್ತ, ಜನರಿಗೆ ವಿರುದ್ಧವಾಗಿ, ಹಿಂದಿನ ಕೋಣೆಯ ಕಡೆಗೇ ಹೊರಟರು. ಇದನ್ನು ಹೇಳಲೇಬೇಕು. ಅವರು ಹೊರಟಿದ್ದರು. ಗೋದಾಮಿನ ಬಾಗಿಲವರೆಗೂ ಹೋಗಿದ್ದರು.

“ರೀ ಅನಂತರಾಮು! ಲಕ್ಷ್ಮಿ ಕಣ್ರೀ, ಲಕ್ಷ್ಮಿ!” ಎಂದು ಸೋಮನಾಥ್ ಮೆಟ್ಟಿಲ ಮೇಲಿಂದ ಕೂಗಿದರು.

ಅನಂತರಾಮು ತಿರುಗಿದರು. ಮನು ಎಂಬ ವಿನ್ಯಾಸಗಾರ ಹುಡುಗ ಲಕ್ಷ್ಮಿಯ ಪಟವನ್ನು ತಬ್ಬಿಕೊಂಡು ಆಗಲೇ ಇಳಿಯುತ್ತಿದ್ದ. ಉಳಿದದ್ದು ದೀಪ.

“ಆರಿಸ್ಲಾ ಸಾರ್?”

“ಶುಕ್ರವಾರ ದೀಪ ಆರಿಸ್ತೀರಾ? ತಗೊಂಡು ಬನ್ನಿ, ಹುಷಾರು!”

ಹೀಗೆ, ಬೆಂಕಿ ಬಿದ್ದಿದೆಯೆಂದು ಭಾವಿಸಲಾದ ಆ ಕಟ್ಟಡದಿಂದ ಫೈರ್ ವಾರ್ಡನ್ ಅನಂತರಾಮು ಉರಿಯುವ ಐದು ಬತ್ತಿಗಳನ್ನು ಅಂಗೈಯಿಂದ ಮರೆಮಾಡಿ, ಒಂದೊಂದೇ ಮೆಟ್ಟಿಲು ಇಳಿಯುತ್ತ, ಸುರಕ್ಷಿತವಾಗಿ ಹೊರಗೆ ತಂದರು. ಕೆಳಗೆ ನಿಂತಿದ್ದ ಇಂಚರ ಎರಡೂ ಕೈಗಳಿಂದ ತಲೆ ಹಿಡಿದುಕೊಂಡಳು. ದರ್ಶಿನಿಯಲ್ಲಿ ದೋಸೆ ತಿನ್ನುತ್ತಿದ್ದವರು ಚಪ್ಪಲಿ ಬಿಟ್ಟು ಕೈಮುಗಿದರು.

ಹೊಂಗೆ ಮರದ ಕೆಳಗೆ ಸಾಲು ನಿಂತಿತು. ಅನಂತರಾಮು ದೀಪವನ್ನು ಕಟ್ಟೆಯ ಮೇಲಿಟ್ಟು ಎಣಿಸಿದರು. ಇಪ್ಪತ್ತಾರು ಬರಬೇಕಿತ್ತು, ಇಪ್ಪತ್ತಾರೇ ಬಂತು. ದೀಪ ಆರದೆ ಇಳಿಸಿದ ಸಂತೋಷದಲ್ಲಿ ಅವರಿಗೆ ಬೇರೇನೂ ಹೊಳೆಯಲಿಲ್ಲ.

“ಎಲ್ಲರೂ ಕ್ಷೇಮ!” ಎಂದು ಸೀಟಿ ಊದಿದರು.

ಚಪ್ಪಾಳೆ ಬಿತ್ತು. ಸೋಮನಾಥ್ ತಡಮಾಡಲಿಲ್ಲ. ಮೊದಲೇ ತರಿಸಿಟ್ಟಿದ್ದ ಮೈಸೂರು ಪೇಟ ಅನಂತರಾಮು ಅವರ ತಲೆಗೆ ಬಂತು, ಶಾಲು ಜಾಕೆಟ್ಟಿನ ಮೇಲೆ ಬಂತು, ಹಣ್ಣಿನ ಬುಟ್ಟಿ ಕೈಗೆ ಬಂತು. ಮನು ಫೋಟೋ ತೆಗೆಯುತ್ತಿದ್ದಾಗ ಸಾಲಿನ ಕೊನೆಯಲ್ಲಿದ್ದ, ಮಂಕಿ ಟೋಪಿ ಹಾಕಿದ್ದ ಹಿರಿಯರೊಬ್ಬರು ಕೈ ಎತ್ತಿದರು.

“ಅಲ್ಲ, ಸನ್ಮಾನ ಎಲ್ಲ ಆಮೇಲೆ ಇಟ್ಕೊಳಿ. ಬಿ.ಪಿ., ಶುಗರ್ ನೋಡೋದು ಯಾವಾಗ? ಬೆಳಗ್ಗಿಂದ ಫಾಸ್ಟಿಂಗ್‌ನಲ್ಲಿದೀನಿ ನಾನು.”

“ತಾವು ಯಾರು ಸಾರ್?” ಎಂದಳು ಇಂಚರ.

“ಬದರಿನಾಥ ಅಂತ. ಯಡಿಯೂರು. ಬೆಳಗ್ಗೆ ಕೆರೆ ಸುತ್ತ ವಾಕಿಂಗ್ ಮುಗಿಸಿ, ಎಲ್ಲಾದ್ರೂ ಕ್ಯಾಂಪ್ ಇದೆಯಾ ಅಂತ ನೋಡ್ಕೊಂಡು ಬರ್ತಿದ್ದೆ, ಕ್ಯೂ ಕಾಣಿಸ್ತು. ಫ್ರೀ ಕ್ಯಾಂಪ್ ತಾನೇ ಇದು?”

“ಇಲ್ಲಿ ಕ್ಯಾಂಪ್ ಇಲ್ಲ ಸಾರ್.”

“ಮತ್ತೆ ಈ ಹಸಿರು ಜಾಕೆಟ್‌ನವರು ನನ್ನನ್ನ ಮುಟ್ಟಿ ಎಣಿಸಿದ್ರು? ಟೋಕನ್ ನಂಬರ್ ಇಪ್ಪತ್ತಾರು ಅಂದ್ರು?”

ಎಲ್ಲರೂ ಅಕ್ಕಪಕ್ಕದವರ ಮುಖ ನೋಡಿಕೊಂಡರು. ಯಾರಿಲ್ಲ ಎಂಬುದು ಹೊಳೆಯಲು ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ದಿನವೂ ಅವಳ ಕೋಣೆಯ ತನಕ ಹೋಗುವವರು ಯಾರೂ ಇರಲಿಲ್ಲ.

“ರಾಜಶ್ರೀ,” ಎಂದ ಮನು ಕೊನೆಗೆ.

ಎಲ್ಲರೂ ಮೇಲೆ ಓಡಿದರು. ಹಿಂದಿನ ಕೋಣೆಯ ಬಾಗಿಲ ಸಂದಿಗೆ ಒದ್ದೆ ಟವೆಲ್ ಒತ್ತಿ ಇಟ್ಟಿತ್ತು. ಒಳಗೆ ಮೇಜಿನ ಕೆಳಗೆ ರಾಜಶ್ರೀ ಮಂಡಿ ಮಡಿಸಿ, ಒದ್ದೆ ದುಪ್ಪಟ್ಟಾ ಮೂಗಿಗೆ ಹಿಡಿದು ಕೂತಿದ್ದಳು. ಆ ಕಟ್ಟಡದಲ್ಲಿ ವಾರ್ಡನ್ ಹೇಳಿದಂತೆ ನಡೆದುಕೊಂಡವಳು ಅವಳೊಬ್ಬಳೇ.

“ಏನಮ್ಮಾ ಇದು? ಸೈರನ್ ಕೇಳಿಸ್ಲಿಲ್ವಾ?” ಎಂದರು ಸೋಮನಾಥ್.

ಇಂಚರ ಟವೆಲ್ ನೋಡಿದಳು, ಆಮೇಲೆ ಅನಂತರಾಮು ಅವರನ್ನು ನೋಡಿದಳು. “ವಾರ್ಡನ್ ಸಾರ್, ನೀವು ಬಂದು ಬಾಗಿಲು ತಟ್ಟಿದ್ರಲ್ವಾ?”

ಅನಂತರಾಮು ಬಾಯಿ ತೆರೆದರು. ಪೇಟ ಸ್ವಲ್ಪ ಸಡಿಲವಾಗಿತ್ತು, ಹಣೆಗೆ ಜಾರಿತು. ಅದನ್ನು ಮೇಲೆ ಸರಿಸುವಷ್ಟರಲ್ಲಿ ಸೋಮನಾಥ್ ಉತ್ತರ ಕೊಟ್ಟಾಗಿತ್ತು.

“ಅವರು ತಟ್ಟದೇ ಇರ್ತಾರೇನಮ್ಮಾ? ಸನ್ಮಾನ ಸುಮ್ನೆ ಮಾಡಿದ್ವಾ? ಇವಳಿಗೆ ಕೇಳಿಸಬೇಕಲ್ಲ!”

ರಾಜಶ್ರೀ ಮೇಜಿನ ಕೆಳಗಿನಿಂದ ಎದ್ದು ಬಂದಳು. ಅನಂತರಾಮು ಅವರ ಜಾಕೆಟ್ ನೋಡಿದಳು, ಶಾಲು ನೋಡಿದಳು, ಪೇಟ ನೋಡಿದಳು.

“ಹೌದ್ರೀ ಸರ,” ಎಂದಳು. “ಕೇಳಸಲಿಲ್ರೀ.”

“ಮತ್ತೆ ಈ ಒದ್ದೆ ಟವೆಲ್?” ಎಂದಳು ಇಂಚರ.

“ಸೆಕೆ ಆಗಿತ್ರೀ.”

ಅಲ್ಲಿಂದ ಮುಂದೆ ನಡೆದದ್ದಕ್ಕೆ ಯಾರನ್ನೂ ದೂರುವಂತಿಲ್ಲ. ಎಲ್ಲರೂ ಒಳ್ಳೆಯವರು. ಒಳ್ಳೆಯವರು ಸೇರಿ ಒಬ್ಬರಿಗೆ ಸಹಾಯ ಮಾಡಲು ನಿಂತರೆ ತಪ್ಪಿಸಿಕೊಳ್ಳಲು ಮೆಟ್ಟಿಲೇ ಇರುವುದಿಲ್ಲ.

ಸೋಮವಾರ ಬೆಳಗ್ಗೆ ಮನು, “ಗುಡ್ ಮಾರ್ನಿಂಗ್ ರಾಜಶ್ರೀ!” ಎಂದು ಅರಚಿದ್ದಕ್ಕೆ ಕೆಳಗಿನ ದರ್ಶಿನಿಯವರು ಏನಾಯಿತೆಂದು ಹೊರಗೆ ಬಂದು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಇಡೀ ಆಫೀಸು ಅವಳೊಡನೆ ಕೂಗಿ ಮಾತಾಡತೊಡಗಿತ್ತು. ಕೆಲವರು ಕೈಸನ್ನೆ ಶುರುಮಾಡಿದರು. ಕಾಫಿ ಬೇಕೇ ಎಂದು ಕೇಳಲು ಒಬ್ಬರು ಮಾಡಿದ ಅಭಿನಯಕ್ಕೆ ರಾಜಶ್ರೀ ಹೆದರಿ ಬೇಡವೆಂದಳು.

“ಸಾರ್, ಒಂದು ಡೌಟು,” ಎಂದ ಮನು ಅನಂತರಾಮು ಅವರ ಬಳಿ ಬಂದು. “ಕಿವಿ ಕೇಳಿಸ್ದೆ ಅಷ್ಟು ಚೆನ್ನಾಗಿ ಶ್ರುತಿ ಹಿಡಿದು ಹಾಡ್ತಾರಲ್ಲ, ಹೇಗೆ?”

“ಅದು... ದೈವದತ್ತ,” ಎಂದರು ಅನಂತರಾಮು.

ಗಿರಿನಗರಕ್ಕೂ ಸುದ್ದಿ ತಲುಪಿತು. ಸರಸ್ವತಿ ಆ ಮಗುವನ್ನು ಅರಿಸಿನ-ಕುಂಕುಮಕ್ಕೆ ಕರೆಯಲೇಬೇಕೆಂದರು. ರಾಜಶ್ರೀ ಬಂದಳು. ನಡುಮನೆಯಲ್ಲಿ ಕೂತಿದ್ದ ಹೆಂಗಸರೆಲ್ಲ ಒಂದೇ ಸಲ, “ಊರು ಯಾವುದಮ್ಮಾ?” ಎಂದು ಕಿರುಚಿದರು. ಎದುರು ಮನೆಯ ಆಂಟಿ ಅವಳ ಗಲ್ಲ ಹಿಡಿದು ತಿರುಗಿಸಿ, ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಹಾಕಬೇಕೆಂದು ಕಿವಿಯೊಳಗೇ ಹೇಳಿದರು. ಅವಳು ಎದ್ದು ನೀರು ಕುಡಿಯಲು ಹೋದಾಗ ಅವರೆಲ್ಲ ದನಿ ತಗ್ಗಿಸಿದರು.

“ಪಾಪ, ಲಕ್ಷಣವಾಗಿದಾಳೆ. ಇನ್ನು ಮದುವೆ ಕಷ್ಟವೇ.”

ಅಡುಗೆಮನೆಯ ಬಾಗಿಲಲ್ಲಿ ಲೋಟ ಹಿಡಿದು ನಿಂತ ರಾಜಶ್ರೀ ಅದನ್ನು ಪೂರ್ತಿ ಕೇಳಿಸಿಕೊಂಡಳು. ಕೇಳಿಸಿಕೊಂಡದ್ದು ಅನಂತರಾಮು ಅವರಿಗೆ ಕಂಡಿತು. ಅವರು ಎದ್ದು ಹೋಗಿ ಫ್ಯಾನಿನ ವೇಗ ಹೆಚ್ಚಿಸಿದರು.

ಕೊನೆಗೆ ಸೋಮನಾಥ್ ಅವಳನ್ನು ಜಯನಗರದಲ್ಲಿ ಒಬ್ಬ ಕಿವಿಯ ಡಾಕ್ಟರ ಬಳಿ ಕಳಿಸಿದರು. ಜೊತೆಗೆ ಬದರಿನಾಥರು ಹೋದರು. ಉಚಿತವಾಗಿ ಏನು ನಡೆದರೂ ಬರುವುದಾಗಿ ಅವರು ಆಫೀಸಿನಲ್ಲಿ ನಂಬರು ಕೊಟ್ಟಿದ್ದರು. ಅವರ ಕಿವಿಯಲ್ಲಿ ದೋಷ ಸಿಕ್ಕಿತು. ರಾಜಶ್ರೀಯ ಕಿವಿಯಲ್ಲಿ ಸಿಗಲಿಲ್ಲ.

ಸೋಮನಾಥ್ ಎಲ್ಲರನ್ನೂ ಕರೆದು ಗಂಭೀರವಾಗಿ ಹೇಳಿದರು: “ಎರಡೂ ಕಿವಿ ನಾರ್ಮಲ್ ಅಂತೆ. ಅಂದ್ರೆ ಏನು? ಕಿವಿ ಚೆನ್ನಾಗಿದೆ, ಆದ್ರೂ ಕೇಳಿಸ್ತಿಲ್ಲ! ಕಾಯಿಲೆ ಇದ್ದಿದ್ರೆ ಔಷಧಿ ಇತ್ತು. ಇದು ಅದಕ್ಕಿಂತ ಡೇಂಜರ್. ಅನಂತರಾಮು, ರಿಸ್ಕ್ ಅಸೆಸ್‌ಮೆಂಟ್ ಏನು ಹೇಳುತ್ತೆ?”

ಕೋಣೆಯಲ್ಲಿ ರಾಜಶ್ರೀಯೂ ಇದ್ದಳು. ಅನಂತರಾಮು ನೆಲ ನೋಡಿದರು.

“ಹೈ ರಿಸ್ಕ್ ಸಾರ್,” ಎಂದರು. ಮೈಮೇಲೆ ಜಾಕೆಟ್ ಇತ್ತು.

ಹಳೆಯ ವೈರಿಂಗಿಗೆ ಒಂದು ಕೆಂಪು ಚೀಟಿ, ಕಾಗದದ ರಾಶಿಗೆ ಒಂದು ಕೆಂಪು ಚೀಟಿ, ರಾಜಶ್ರೀಯ ಮೇಜಿಗೆ ಒಂದು ಕೆಂಪು ಚೀಟಿ. ಅಂಟಿಸುವುದು ವಾರ್ಡನ್ನರ ಕರ್ತವ್ಯ. ಅವಳನ್ನು ಹಿಂದಿನ ಕೋಣೆಯಲ್ಲಿ ಒಬ್ಬಳೇ ಬಿಡುವುದು ಸುರಕ್ಷಿತವಲ್ಲವೆಂದು ಮೇಜನ್ನು ಮುಂದಕ್ಕೆ ತಂದು, ಸೈರನ್ನಿನ ನೇರ ಕೆಳಗೆ ಹಾಕಿದರು. ಅಲ್ಲಿ ಫೋನು, ಕೊರಿಯರ್‌ನವರ ಜಗಳ, ದರ್ಶಿನಿಯ ಮಿಕ್ಸಿ, ಇವುಗಳ ನಡುವೆ ಅವಳು ಮುಂದಿನ ವರ್ಷದ ತಿಥಿ-ನಕ್ಷತ್ರ ತಿದ್ದಬೇಕಿತ್ತು. ಅತ್ತಿತ್ತ ಓಡಾಡುವವರೆಲ್ಲ ನಿಂತು, “ಆರಾಮಾ?” ಎಂದು ಕೂಗಿ ಹೋಗುತ್ತಿದ್ದರು. ಮೊದಲ ಸಲ ಅವಳ ಕಣ್ಣು ತಪ್ಪಿಸಿ ಒಂದು ತಿಂಗಳಿಗೆ ನಾಲ್ಕು ಏಕಾದಶಿ ಬಂದುಬಿಟ್ಟವು. ಅಚ್ಚಿಗೆ ಹೋಗುವ ಮುನ್ನ ಸೋಮನಾಥರೇ ಕಂಡುಹಿಡಿದರು.

“ಕಣ್ಣಿಗೂ ಹರಡ್ತಿದೆಯೇನೋ,” ಎಂದು ಅವರು ಮರುಗಿದರು.

ಒಂದು ಸಂಜೆ ಎಲ್ಲರೂ ಹೊರಟ ಮೇಲೆ ರಾಜಶ್ರೀ ಅನಂತರಾಮು ಅವರ ಮೇಜಿನ ಬಳಿ ನಿಂತಳು.

“ಸರ, ನಾ ಅವತ್ತ ಹಂಗಂದಿದ್ದು ನಿಮ್ಮ ಮರ್ಯಾದಿ ಉಳೀಲಿ ಅಂತ್ರೀ. ನಾಕು ದಿನದಾಗ ನೀವ ಸಾಹೇಬ್ರ ಮುಂದ ಹೇಳ್ತೀರಿ ಅನ್ಕೊಂಡಿದ್ದೆ. ನನಗ ಆ ಹಿಂದಿನ ಖೋಲಿ ಸಾಕ್ರೀ ಸರ. ಇಲ್ಲಿ ಕೆಲಸ ಆಗವಲ್ತು. ಒಂದ ಮಾತ ಹೇಳ್ರಿ, ಸಾಕು.”

ಅನಂತರಾಮು ಗೋಡೆಯ ಕ್ಯಾಲೆಂಡರ್ ನೋಡಿದರು.

“ಹೇಳ್ತೀನಮ್ಮ. ಖಂಡಿತ ಹೇಳ್ತೀನಿ. ನಾಳೆ, ರಾಹುಕಾಲ ಕಳೀಲಿ.”

ಮರುದಿನ ರಾಹುಕಾಲ ಕಳೆಯಿತು. ಅನಂತರಾಮು ಜಾಕೆಟ್ ತೆಗೆದು ಕುರ್ಚಿಗೆ ಹಾಕಿ, ಬರೀ ಅಂಗಿಯಲ್ಲಿ ಸೋಮನಾಥರ ಕೋಣೆಗೆ ಹೋದರು. “ಸಾರ್, ರಾಜಶ್ರೀ ವಿಷಯ...” ಎಂದರು.

“ಬನ್ನಿ ಬನ್ನಿ, ನಿಮ್ಮನ್ನೇ ಕರೆಸೋಣ ಅಂತಿದ್ದೆ! ವಿಮೆಯವರಿಂದ ಪತ್ರ ಬಂದಿದೆ. ನಮ್ಮದು ಮಾದರಿ ಆಫೀಸಂತೆ. ಕಿವಿ ಕೇಳಿಸದ ಉದ್ಯೋಗಿಯನ್ನೂ ಗುರುತಿಸಿ ಜಾಗ ಬದಲಾಯಿಸಿದ್ದಕ್ಕೆ ಸ್ಪೆಷಲ್ ಮೆಚ್ಚುಗೆ. ಎಲ್ಲಾ ನಿಮ್ಮಿಂದ ಕಣ್ರೀ. ಏನೋ ಹೇಳ್ತಿದ್ರಿ?”

“ಅದೇ ಸಾರ್... ರಾಜಶ್ರೀ ಮೇಜಿಗೆ ಫ್ಯಾನ್ ಗಾಳಿ ಬರ್ತಿಲ್ಲ.”

“ಹಾಕ್ಸೋಣ!”

ಫ್ಯಾನ್ ಬಂತು. ಅದೂ ಸದ್ದು ಮಾಡುತ್ತಿತ್ತು. ಆ ತಿಂಗಳ ಕೊನೆಗೆ ರಾಜಶ್ರೀ ಕೆಲಸ ಬಿಡುವುದಾಗಿ ಹೇಳಿದಳು. ಹುಬ್ಬಳ್ಳಿಯಲ್ಲಿ ಅಕ್ಕನ ಮನೆ ಇದೆ, ಅಲ್ಲೇ ಏನಾದರೂ ನೋಡುತ್ತೇನೆ ಎಂದಳು. ಕಾರಣವನ್ನು ಯಾರೂ ಕೇಳಲಿಲ್ಲ. ಎಲ್ಲರಿಗೂ ಕಾರಣ ಗೊತ್ತಿತ್ತು, ಎಲ್ಲರಿಗೂ ಪಾಪ ಅನ್ನಿಸಿತ್ತು.

ಬೀಳ್ಕೊಡುಗೆಗೆ ಸೋಮನಾಥ್ ಎರಡು ಧ್ವನಿವರ್ಧಕ ತರಿಸಿದರು. ಅವಳು ಮೊದಲ ಸಾಲಿನಲ್ಲಿ, ಎರಡರ ನಡುವೆ ಕೂತಳು. ಭಾಷಣಗಳೆಲ್ಲ ಅವಳ ಅನುಕೂಲಕ್ಕಾಗಿ ಗಟ್ಟಿಯಾಗಿ ನಡೆದವು. ವಂದನಾರ್ಪಣೆ ಅನಂತರಾಮು ಅವರದು. ಅವರು ಮಾಲೀಕರಿಗೆ ವಂದಿಸಿದರು, ಬದರಿನಾಥರಿಗೆ ವಂದಿಸಿದರು, ಉಪ್ಪಿಟ್ಟು ಕಳಿಸಿದ ದರ್ಶಿನಿಯವರಿಗೂ ಮೈಕಿನವರಿಗೂ ವಂದಿಸಿದರು. ಆಮೇಲೆ, “ಕೊನೆಯದಾಗಿ ರಾಜಶ್ರೀ...” ಎಂದು ನಿಂತರು. ಮೈಕು ಕುಂಯ್‌ಗುಟ್ಟಿತು. ಜನ ಕಾದರು. ಅವಳೂ ತಲೆ ಎತ್ತಿ ಕಾದಳು.

“...ಅವರಿಗೆ ಶುಭವಾಗಲಿ,” ಎಂದು ಅನಂತರಾಮು ಇಳಿದುಬಂದರು.

ಅವಳು ಹೊರಟಾಗ ಎಲ್ಲರೂ ಮೆಟ್ಟಿಲ ಮೇಲೆ ನಿಂತು ಕೂಗಿ ಕೈಬೀಸಿದರು. ಅನಂತರಾಮು ಹಿಂದೆ, ಗೋಡೆಗೊರಗಿ ನಿಂತಿದ್ದರು. ಅವಳು ಕೆಳಗಿನ ಮೆಟ್ಟಿಲು ತಲುಪಿದಾಗ ಅವರು ತುಟಿಯಲ್ಲೇ, ತಮಗೂ ಸರಿಯಾಗಿ ಕೇಳದಷ್ಟು ಮೆಲ್ಲಗೆ, “ಹುಷಾರಾಗಿ ಹೋಗಮ್ಮ,” ಎಂದರು.

ರಾಜಶ್ರೀ ನಿಂತು, ತಿರುಗಿ, ನೇರವಾಗಿ ಅವರತ್ತ ನೋಡಿದಳು.

“ಆತ್ರೀ ಸರ,” ಎಂದಳು. ಬೀದಿಗೆ ಇಳಿದು ಹೋದಳು.

“ಯಾರಿಗಂದ್ರು ಸಾರ್? ಯಾರೂ ಏನೂ ಹೇಳ್ಲೇ ಇಲ್ವಲ್ಲ,” ಎಂದ ಪಕ್ಕದಲ್ಲೇ ನಿಂತಿದ್ದ ಮನು.

“ಏನೋಪ್ಪ,” ಎಂದರು ಅನಂತರಾಮು.

ಅವಳಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು, ಬಾಗಿಲು ತಟ್ಟುತ್ತೇನೆಂದು ಹೇಳಿ ಹೋಗದೆ ಇದ್ದವರು ತಾವು. ಇದನ್ನು ಅವರು ಅಂದೂ ಹೇಳಲಿಲ್ಲ, ಆಮೇಲೂ ಯಾರಿಗೂ ಹೇಳಲಿಲ್ಲ.